ಬೆಂಗಳೂರಿಂದ ಸ್ಯಾನ್ ಫ್ರಾನ್ಸಿಸ್ಕೋಗೆ ಎಷ್ಟೊತ್ತು ಆಗತ್ತೆ?

ಪ್ರಶ್ನೆ: ಅಮ್ಮ ಜನವರಿಲಿ ಒಬ್ರೇ ದುಬೈ ಮೇಲೆ ಅಕ್ಕನ ಮನೆಗೆ ಹೋಗ್ತಿದಾರೆ. ಟಿಕೆಟಲ್ಲಿ ಸೋಮವಾರ ಬೆಳಗಿನ ಜಾವ 4ಕ್ಕೆ ಹೊರಟು ಸೋಮವಾರ ಮಧ್ಯಾಹ್ನ 1:30ಕ್ಕೇ ತಲುಪತ್ತೆ ಅಂತಿದೆ, ಇದು ಹೇಗೆ ಸಾಧ್ಯ? ದೂರ ಎಷ್ಟು?

ಉತ್ತರ 1: ನೇರವಾಗಿ ಅಳೆದ್ರೆ ಸುಮಾರು 14 ಸಾವಿರ ಕಿ.ಮೀ., ದುಬೈ ಸುತ್ತಿ ಹೋದ್ರೆ ಇನ್ನೂ ಜಾಸ್ತಿ. ದುಬೈಗೆ 4 ಗಂಟೆ, ಅಲ್ಲಿ ಕಾಯೋದು 3, ಆಮೇಲೆ 16, ಒಟ್ಟು 23 ಗಂಟೆ ಹತ್ರ. ಚಳಿಗಾಲದಲ್ಲಿ ಅಲ್ಲಿನ ಗಡಿಯಾರ ನಮಗಿಂತ ಹದಿಮೂರೂವರೆ ಗಂಟೆ ಹಿಂದೆ, ಅದಕ್ಕೇ ಅದೇ ದಿನ ಕಾಣ್ಸತ್ತೆ.

ಉತ್ತರ 2: ವೀಲ್‌ಚೇರ್ ಮೊದ್ಲೇ ಬುಕ್ ಮಾಡಿ ದಯವಿಟ್ಟು. ನಮ್ಮಮ್ಮಂಗೆ ಇಳಿಯೋ ಹೊತ್ತಿಗೆ ಕಾಲು ಊದಿ ಚಪ್ಲಿನೇ ಹಿಡೀತಿರ್ಲಿಲ್ಲ, ಓಡಾಡೋ ದಾರಿ ಪಕ್ಕದ ಸೀಟೇ ತಗೊಳ್ಳಿ, ಆಗಾಗ ಎದ್ದು ನಡೀಲಿ.

ಪ್ರಶ್ನೆ ಕೇಳಿದವರು: ತುಂಬಾ ಥ್ಯಾಂಕ್ಸ್, ಸೀಟು ಈಗ್ಲೇ ಬದಲಾಯಿಸ್ತೀನಿ.