ಎಣ್ಣೆ ಬಿಟ್ಟರೂ ಹೊಟ್ಟೆ ಕರಗಲಿಲ್ಲ, ಏನು ಮಾಡಲಿ?

ಕೇಳಿದವರು, ಹೊಸನಗರ: ವಯಸ್ಸು 44, ತೂಕ 72 ಕೆಜಿ. ತುಪ್ಪ, ಕೊಬ್ಬರಿ ಎಣ್ಣೆ, ಮೀನು ಎಲ್ಲ ಬಿಟ್ಟು ನಾಲ್ಕು ತಿಂಗಳಾಯಿತು. ಬೆಳಿಗ್ಗೆ ಅಕ್ಕಿ ರೊಟ್ಟಿ, ಎರಡು ಹೊತ್ತು ಅನ್ನ ತಿಳಿಸಾರು. 5 ಕೆಜಿ ಇಳಿದಿದೆ. ಆದರೆ ತೋಳು ಸೊರಗಿದೆ, ಹೊಟ್ಟೆಯ ಸುತ್ತಳತೆ 96 ಸೆಂ.ಮೀ.ನಲ್ಲೇ ಇದೆ. ತೋಟ ಹತ್ತಿದರೆ ಸುಸ್ತು. ಪ್ರೋಟೀನ್ ಜಾಸ್ತಿ ಮಾಡಬೇಕಾ, ಎಣ್ಣೆ ಬದಲಿಸಬೇಕಾ? ಮಾಡಿ ನೋಡಿದವರು ಹೇಳಿ.

ತೀರ್ಥಹಳ್ಳಿಯಿಂದ: ನನ್ನದೂ ಇದೇ ಕಥೆ. ಹುರುಳಿ ಸಾರು ತಿಂತೀವಿ ಅಂತ ಹೇಳಿಕೊಳ್ಳುತ್ತಿದ್ದೆವು. ಆದರೆ ನಮ್ಮ ಮನೆಯಲ್ಲಿ ಕಟ್ಟು ನಮಗೆ, ಬೆಂದ ಕಾಳು ಕೊಟ್ಟಿಗೆಗೆ! ಪ್ರೋಟೀನ್ ಇರೋದು ಕಾಳಲ್ಲಿ ಅಲ್ವಾ? 100 ಗ್ರಾಂ ಹುರುಳಿಯಲ್ಲಿ ಸುಮಾರು 22 ಗ್ರಾಂ ಇದೆ. ಈಗ ಕಾಳನ್ನೇ ಉಸಲಿ ಮಾಡಿ ತಿನ್ನುತ್ತೇನೆ, ದಿನಕ್ಕೆ ಎರಡು ಮೊಟ್ಟೆ. ಒಂದು ತುತ್ತು ಅನ್ನ ಕಮ್ಮಿ. ವರ್ಷದಲ್ಲಿ ತೂಕ ಇಳಿದದ್ದು ಬರೀ 3 ಕೆಜಿ, ಆದರೆ ಬೆಲ್ಟ್ ಎರಡು ತೂತು ಒಳಗೆ ಹೋಯಿತು. ನೀವು ಮೀನು ಬಿಟ್ಟಿದ್ದು ಮಾತ್ರ ಬೇಜಾರಾಯಿತು. ಘಾಟಿ ಹತ್ತಿ ಬರುವ ಬಂಗುಡೆ, ಭೂತಾಯಿಯಲ್ಲಿ ಪ್ರೋಟೀನೂ ಇದೆ, ಒಳ್ಳೆಯ ಒಮೆಗಾ-3 ಕೊಬ್ಬೂ ಇದೆ. ಹುರಿಯಬೇಡಿ, ಪುಳಿಮುಂಚಿ ಮಾಡಿ.

ಶಿವಮೊಗ್ಗದಿಂದ: ನಾನು ಡಯಟಿಷಿಯನ್. ನಿಮ್ಮಂಥವರನ್ನು ವಾರವೂ ನೋಡುತ್ತೇನೆ. ನಿಮ್ಮ ತೋಳು ಸೊರಗಿದ್ದೇ ದೊಡ್ಡ ಸೂಚನೆ. ಇಳಿದ 5 ಕೆಜಿಯಲ್ಲಿ ಮಾಂಸಖಂಡವೂ ಹೋಗಿರಬಹುದು.

2012ರಲ್ಲಿ ಅಮೆರಿಕದಲ್ಲಿ ಒಂದು ಅಧ್ಯಯನ ಬಂತು. 25 ಜನರಿಗೆ 8 ವಾರ ಬೇಕಂತಲೇ ಜಾಸ್ತಿ ಊಟ ಕೊಟ್ಟರು. ಪ್ರೋಟೀನ್ ಪಾಲು ಕೆಲವರಿಗೆ 5%, ಕೆಲವರಿಗೆ 15%, ಉಳಿದವರಿಗೆ 25%. ಮೂರೂ ಗುಂಪಿನಲ್ಲಿ ಕೊಬ್ಬು ಏರಿದ್ದು ಹೆಚ್ಚುಕಮ್ಮಿ ಒಂದೇ, ಸುಮಾರು ಮೂರೂವರೆ ಕೆಜಿ. ಆದರೆ 5% ತಿಂದವರ ಕೊಬ್ಬಲ್ಲದ ತೂಕ (ಮಾಂಸಖಂಡ ಇತ್ಯಾದಿ) 0.7 ಕೆಜಿ ಇಳಿಯಿತು, ಉಳಿದವರದ್ದು 3 ಕೆಜಿಯಷ್ಟು ಏರಿತು. ಅಂದರೆ ಪ್ರೋಟೀನ್ ತಿಂದರೆ ಸುಮ್ನೆ ಕೊಬ್ಬು ಕರಗಲ್ಲ. ಒಟ್ಟು ಊಟ ಹಿಡಿತದಲ್ಲಿರಬೇಕು.

ಕೊಬ್ಬು ಎಲ್ಲಿ ಕೂರುತ್ತದೆ ಅನ್ನೋದು ಬೇರೆ ಮಾತು. ಅಲ್ಲಿ ಎಣ್ಣೆಯ ಪಾತ್ರ ಇದೆ. ಸ್ವೀಡನ್ನಿನಲ್ಲಿ 39 ಜನರಿಗೆ 7 ವಾರ ಮಫಿನ್ ತಿನ್ನಿಸಿದರು, ಕೆಲವರಿಗೆ ತಾಳೆ ಎಣ್ಣೆಯದ್ದು, ಕೆಲವರಿಗೆ ಸೂರ್ಯಕಾಂತಿ ಎಣ್ಣೆಯದ್ದು. ತೂಕ ಒಂದೇ ಥರ ಏರಿತು. ಲಿವರ್ ಮತ್ತು ಹೊಟ್ಟೆಯೊಳಗಿನ ಕೊಬ್ಬು ಮಾತ್ರ ತಾಳೆ ಎಣ್ಣೆಯವರಲ್ಲಿ ಜಾಸ್ತಿ. ತಾಳೆ ಎಣ್ಣೆಯಲ್ಲಿ ಸ್ಯಾಚುರೇಟೆಡ್ ಕೊಬ್ಬು, ಅಂದರೆ ತುಪ್ಪದ ಹಾಗೆ ತಣ್ಣಗಾದರೆ ಗಟ್ಟಿಯಾಗುವ ಥರದ್ದು, ಹೆಚ್ಚು.

ಇನ್ನೊಂದು ನನಗೆ ತುಂಬ ಇಷ್ಟವಾದ ಪ್ರಯೋಗ, ಇಲಿಗಳ ಮೇಲಿನದ್ದು. ಮೀನೆಣ್ಣೆಯನ್ನು ಪ್ರೋಟೀನ್ ಜೊತೆ ಕೊಟ್ಟಾಗ ಇಲಿ ದಪ್ಪ ಆಗಲಿಲ್ಲ. ಅದೇ ಎಣ್ಣೆಯನ್ನು ಸಕ್ಕರೆ ಜೊತೆ ಕೊಟ್ಟಾಗ ಆಯಿತು. ಇಲಿಗೆ ಆದದ್ದು ನಮಗೂ ಹಾಗೇ ಆಗುತ್ತದೆ ಅಂತ ಹೇಳಲಾರೆ. ಆದರೂ ಕೊಬ್ಬಿನ ಜೊತೆ ತಟ್ಟೆಯಲ್ಲಿ ಇನ್ನೇನಿದೆ ಅಂತ ನಾನು ಮೊದಲು ಕೇಳುವುದು ಇದಕ್ಕೇ.

ನಿಮ್ಮ ಲೆಕ್ಕ: ದೇಹದ ತೂಕದ ಪ್ರತಿ ಕೆಜಿಗೆ 0.83 ಗ್ರಾಂ ಅಂದರೆ ದಿನಕ್ಕೆ ಸುಮಾರು 60 ಗ್ರಾಂ ಪ್ರೋಟೀನ್. ಈಗಿನ ಊಟದಲ್ಲಿ ಅಷ್ಟು ಸಿಗುವುದು ಕಷ್ಟ. ಕೊಬ್ಬರಿ ಎಣ್ಣೆಯ ಹತ್ತಿರ ಹತ್ತಿರ 90% ಸ್ಯಾಚುರೇಟೆಡ್ ಕೊಬ್ಬು, ಒಗ್ಗರಣೆಗೆ ಒಂದು ಚಮಚ ಸಾಕು. ಕಿಡ್ನಿ ತೊಂದರೆ ಇದ್ದರೆ ಮಾತ್ರ ಪ್ರೋಟೀನ್ ಏರಿಸುವ ಮೊದಲು ಡಾಕ್ಟರನ್ನು ಕೇಳಿ.

ಸಾಗರದಿಂದ: ನಮ್ಮದು ಮೊಟ್ಟೆಯೂ ಇಲ್ಲದ ಮನೆ. ಮಜ್ಜಿಗೆ ಬದಲು ಗಟ್ಟಿ ಮೊಸರು, ದಿನಾ ಮೊಳಕೆ ಹೆಸರುಕಾಳಿನ ಕೋಸಂಬರಿ, ತಿಳಿಸಾರಿನ ಬದಲು ಬೇಳೆ ಜಾಸ್ತಿ ಹಾಕಿದ ಹುಳಿ. ರೊಟ್ಟಿಗೆ ಅಗಸೆ ಚಟ್ನಿಪುಡಿ. ಅಗಸೆಯ ಒಮೆಗಾ-3 ಮೀನಿನದ್ದಕ್ಕೆ ಸಮ ಅಲ್ಲ, ದೇಹದಲ್ಲಿ ಸ್ವಲ್ಪ ಭಾಗ ಮಾತ್ರ ಆ ರೂಪಕ್ಕೆ ಬದಲಾಗುತ್ತದೆ. ನನ್ನ ಯಜಮಾನರಿಗೆ ಮೊದಲು ಹೋದದ್ದು ಸಂಜೆಯ ಹಸಿವು. ನಾಲ್ಕು ಗಂಟೆಯ ಬೋಂಡಾ ತಾನಾಗೇ ನಿಂತಿತು. ಹೊಟ್ಟೆ ಇಳಿಯೋಕೆ ಆರು ತಿಂಗಳು ಬೇಕಾಯಿತು.

ಕೇಳಿದವರು: ನಮ್ಮ ಮನೆಯಲ್ಲೂ ಹುರುಳಿ ಕಾಳು ಹಸುವಿಗೇ ಹೋಗುತ್ತಿದೆ. ನಾಳೆಯಿಂದ ಅರ್ಧ ನನಗೆ. ಎರಡು ತಿಂಗಳಾದ ಮೇಲೆ ಟೇಪ್ ಹಿಡಿದು ಅಳೆದು ಇಲ್ಲೇ ಬರೆಯುತ್ತೇನೆ.