ಅಪ್‌ಡೇಟ್: ತಾಳೆ ಸಸಿಯ ಗುಟ್ಟು ಹಣ್ಣು ಕೊಯ್ದ ಮೇಲೆ ಗೊತ್ತಾಯಿತು

ಕಾರ್ಕಳದ ನಮ್ಮ ತೋಟದಲ್ಲಿ ಕೆಲವು ಎಣ್ಣೆ ತಾಳೆ ಮರಗಳ ಹಣ್ಣಲ್ಲಿ ತಿರುಳೇ ಕಮ್ಮಿ, ಸಸಿಯೇ ಸರಿ ಇಲ್ವಾ ಅಂತ ಹೋದ ವಾರ ಕೇಳಿದ್ದೆ.

ಗರಿ ನೋಡಿ ಗುರುತಿಸಲು ಹೋದೆ, ಆಗಲಿಲ್ಲ. ಎಲ್ಲ ಒಂದೇ ಥರ. ‘ಹಣ್ಣು ಅಡ್ಡ ಕೊಯ್ದು ನೋಡಿ’ ಅಂದವರ ಮಾತೇ ಕೆಲಸಕ್ಕೆ ಬಂತು, ತುಂಬಾ ಉಪಕಾರವಾಯಿತು. ಒಳ್ಳೆಯ ಮರದ ಹಣ್ಣಲ್ಲಿ ಚಿಪ್ಪು ತೆಳು, ಸುತ್ತ ಕಪ್ಪು ನಾರಿನ ಚುಕ್ಕೆಗಳ ಬಳೆ. ಅದು ತೆನೆರಾ ಅನ್ನೋ ಬಗೆ. ಉಳಿದವುಗಳಲ್ಲಿ ಚಿಪ್ಪು ದಪ್ಪ, ಬಳೆಯೇ ಇಲ್ಲ. ಅವು ಡ್ಯೂರಾ.

ಡ್ಯೂರಾ ತಾಯಿಗೆ ಪಿಸಿಫೆರಾ (ಚಿಪ್ಪೇ ಇಲ್ಲದ ಬಗೆ) ಪರಾಗ ಕೊಟ್ಟರೆ ಸಸಿಗಳೆಲ್ಲ ತೆನೆರಾ ಆಗುತ್ತವೆ. ತೆನೆರಾ ತೋಟದಲ್ಲೇ ಉದುರಿದ ಬೀಜ ಹಾಕಿದರೆ ಸುಮಾರು ಅರ್ಧ ಮಾತ್ರ! ಇದು ನನಗೆ ಗೊತ್ತೇ ಇರಲಿಲ್ಲ. ನಮಗೆ ಸಸಿ ಕೊಟ್ಟವರು ಹಾಗೆ ಉದುರಿದ ಬೀಜವನ್ನೇ ಹಾಕಿದ್ದರಂತೆ. ನಾಲ್ಕು ವರ್ಷದ ಆರೈಕೆ, ಹೊಟ್ಟೆ ಉರಿಯುತ್ತದೆ.

ಹೊಸ ಸಸಿಗೆ ತಾಯಿ-ತಂದೆ ತಳಿ, ಬೀಜದ ಲಾಟ್ ನಂಬರ್ ಎರಡೂ ಬಿಲ್ಲಲ್ಲಿ ಬರೆಸಿಕೊಂಡಿದ್ದೇನೆ.