ಅಪ್‌ಡೇಟ್: ಅಮ್ಮನಿಗೆ ಕೋವಿಡ್ ಲಸಿಕೆಯ ಎರಡನೇ ಡೋಸ್ ಸಿಕ್ಕಿತು (2021)

ಹೋದ ವಾರ ಕೇಳಿದ್ದೆನಲ್ಲ, ಅಮ್ಮ ಕೋವಿಶೀಲ್ಡ್ ಮೊದಲ ಡೋಸನ್ನು ಚಿಕ್ಕಮಗಳೂರಲ್ಲಿ ಹಾಕಿಸಿಕೊಂಡಿದ್ದಾರೆ, ಎರಡನೇದನ್ನು ಮೂಡಿಗೆರೆ ಕಡೆಯ ನಮ್ಮೂರ ಆರೋಗ್ಯ ಕೇಂದ್ರದಲ್ಲಿ ಹಾಕಿಸಬಹುದಾ ಅಂತ. ಹಾಕಿಸಬಹುದು. ನಿನ್ನೆ ಆಯಿತು.

ಲಸಿಕೆಗೆ ಹೆಸರು ನೋಂದಾಯಿಸುವ ಕೋವಿನ್ ವೆಬ್‌ಸೈಟಿನಲ್ಲಿ ಸ್ಲಾಟ್ ಬುಕ್ ಮಾಡುವುದು ನಮಗೆ ಆಗಲಿಲ್ಲ. ಈ ಮಳೆಗೆ ತೋಟದಲ್ಲಿ ನೆಟ್‌ವರ್ಕೇ ಇಲ್ಲ, ಓಟಿಪಿ ಬರುವಷ್ಟರಲ್ಲಿ ಸ್ಲಾಟ್ ಖಾಲಿ. ಕೆಲಸಕ್ಕೆ ಬಂದದ್ದು ಊರಿನ ಆಶಾ ಕಾರ್ಯಕರ್ತೆಯನ್ನು ಕೇಳಿ ಅಂತ ಇಲ್ಲಿ ಕೊಟ್ಟ ಸಲಹೆ. ಲಸಿಕೆ ಬರುವ ಹಿಂದಿನ ಸಂಜೆ ಅವರೇ ಮನೆಗೆ ಬಂದು ಹೇಳಿಹೋದರು.

ಆಧಾರ್ ಜೊತೆ ಮೊದಲ ಡೋಸಿಗೆ ಕೊಟ್ಟ ಮೊಬೈಲ್ ನಂಬರನ್ನೇ ಕೊಡಬೇಕಿತ್ತು. ಬೇರೆ ನಂಬರ್ ಕೊಟ್ಟರೆ ಮತ್ತೆ ಮೊದಲ ಡೋಸ್ ಅಂತಲೇ ಸೇರಿಬಿಡಬಹುದಿತ್ತು. ಮೊದಲ ಡೋಸ್ ಆಗಿ 84 ದಿನ ಕಳೆದಿರಲೇಬೇಕು ಅನ್ನುವುದು 2021ರ ಆಗಿನ ನಿಯಮವಾಗಿತ್ತು.

ಗೊತ್ತಿಲ್ಲದ ಸಂಗತಿಯೊಂದು ತಿಳಿಯಿತು. ಒಂದು ಸೀಸೆಯಲ್ಲಿ 10 ಡೋಸ್ ಇರುತ್ತಿತ್ತು, ತೆರೆದರೆ 4 ಗಂಟೆಯೊಳಗೆ ಮುಗಿಸಬೇಕಿತ್ತು. ಅದಕ್ಕೇ ಜನ ಸೇರುವವರೆಗೆ ಕಾಯಿಸುತ್ತಿದ್ದರು. ನಾವು ಎಂಟು ಜನ ಇದ್ದೆವು. ತೋಟದ ಕೆಲಸಗಾರರ ಲೈನ್ ಮನೆಯ ಇಬ್ಬರು ಒಂದೇ ಕೊಡೆಯಲ್ಲಿ ನೆನೆದುಕೊಂಡು ಬಂದರು, ಆಮೇಲೆ ಸಿಸ್ಟರ್ ಸೀಸೆ ತೆಗೆದರು. ಎಲ್ಲರಿಗೂ ಎಷ್ಟು ಖುಷಿಯಾಯಿತು ಗೊತ್ತಾ!

ಹಾಕಿದ ಮೇಲೆ ಅರ್ಧ ಗಂಟೆ ಕೂರಿಸಿದರು. ರಾತ್ರಿ ಅಮ್ಮನಿಗೆ ಸ್ವಲ್ಪ ಮೈಕೈ ನೋವಿತ್ತು, ಜಾಸ್ತಿ ಏನಿಲ್ಲ. ಬೆಳಿಗ್ಗೆ ಎಂದಿನಂತೆ ಎದ್ದು ಒಲೆ ಹಚ್ಚಿದರು. ಆಶಾ ವಿಷಯ ಹೇಳಿದವರಿಗೆ ತುಂಬಾ ಥ್ಯಾಂಕ್ಸ್.